ತಮಟೆಯ ಐತನೂ ನನ್ನ ನೋಟೀಸು ಹಲಗೆಯೂ

ನೆರೆಮನೆಯವನ ಮೇಲೆ, ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಡಂಗುರ ಸಾರುವವನ ಮೇಲೆ. ಅದೂ ಒಂದೆರಡು ದಿನವಲ್ಲ, ಏಳು ವರ್ಷ. ಹೇಳಿಕೊಳ್ಳಲು ನಾಚಿಕೆಯೇನೋ ಆಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಆಗ ಕೊಡಗಿನಲ್ಲಿ ಬ್ರಿಟಿಷರ ಆಳ್ವಿಕೆ. ನಮ್ಮ ಪುಟ್ಟ ಪೇಟೆಯ ಮುನಿಸಿಪಾಲಿಟಿಯಲ್ಲಿ ನಾನು ಗುಮಾಸ್ತ. ಮೆಂಬರುಗಳು ಸಭೆ ಸೇರಿ, ಕಾಫಿ ಕುಡಿದು, ಜಗಳವಾಡಿ, ಕೊನೆಗೆ ರಸ್ತೆಯ ಮೇಲೆ ಕಾಫಿ ಬೀಜ ಒಣಹಾಕಬಾರದೆಂದೋ ಹಂದಿಗಳನ್ನು ಬೀದಿಗೆ ಬಿಡಬಾರದೆಂದೋ ನಿರ್ಣಯ ಮಾಡುತ್ತಿದ್ದರು. ಅದನ್ನು 'ತತ್ಸಂಬಂಧವಾಗಿ', 'ಮೇಲ್ಕಾಣಿಸಿದ' ಎಂದೆಲ್ಲ ಸಿಂಗರಿಸಿ, ದುಂಡಗೆ ಬರೆದು, ಆಫೀಸಿನ ಮುಂದಿನ ಹಲಗೆಗೆ ಅಂಟಿಸುವವನು ನಾನು. ಆಮೇಲೆ ಕಿಟಕಿಯ ಪಕ್ಕ ಕೂತು, ಯಾರಾದರೂ ಓದುತ್ತಾರೇನೋ ಎಂದು ಕಾಯುತ್ತಿದ್ದೆ. ಆಸಕ್ತಿಯಿಂದ ಬಂದದ್ದು ಒಂದು ಮೇಕೆ ಮಾತ್ರ. ಅದಕ್ಕೆ ಮೈದಾ ಅಂಟು ಇಷ್ಟವಾಗಿತ್ತು.

ಡಂಗುರದ ಐತನಿಗೆ ಅಕ್ಷರ ಬಾರದು. ನಾನು ಜಗಲಿಯಲ್ಲಿ ನಿಂತು ನೋಟೀಸನ್ನು ಒಮ್ಮೆ ಓದಿದರೆ, ಕಣ್ಣು ಮುಚ್ಚಿ ಕೇಳಿ, "ಆಯ್ತು ಸಾಮಿ" ಎಂದು ತಮಟೆ ಎತ್ತಿಕೊಂಡು ಹೊರಡುವನು. ಸಂತೆಗೆ ಬಂದ ಕೊಡವರೆದುರು ಕೊಡವ ತಕ್ಕ್, ಮಾಪಿಳ್ಳೆಯರ ಕೇರಿಯಲ್ಲಿ ಮಲಯಾಳ, ಎಸ್ಟೇಟಿನ ಕೂಲಿ ಲೈನಿನವರಿಗೆ ತಮಿಳು, ಉಳಿದವರಿಗೆ ಕನ್ನಡ. 'ಶ್ವಾನಗಳ ಮಾಲೀಕರು ಅವುಗಳ ಕಂಠಕ್ಕೆ ಬಿಲ್ಲೆಯನ್ನು ತೊಡಿಸತಕ್ಕದ್ದು' ಎಂದು ನಾನು ಬೆವರು ಸುರಿಸಿ ಬರೆದದ್ದು ಅವನ ಬಾಯಲ್ಲಿ ಹೀಗಾಯಿತು: "ನಾಯಿ ಸಾಕ್ದೋರೆಲ್ಲ ಕೇಳ್ರಪ್ಪೋ! ಬಿಲ್ಲೆ ಕಟ್ಟದಿದ್ರೆ ನಿಮ್ಮನೆ ನಾಯಿ ನಿಮ್ದಲ್ಲ, ಸರ್ಕಾರದ್ದು!"

ಜನ ನಕ್ಕರು. ಮರುದಿನವೇ ನಾಯಿಗಳೊಡನೆ ಸಾಲುಗಟ್ಟಿದರು. ಮನೆಯಲ್ಲಿ ನನ್ನ ಹೆಂಡತಿ, "ಎಷ್ಟ್ ಚೆನ್ನಾಗಿ ಹೇಳ್ತಾನೆ! ನೀವೂ ಹಂಗೇ ಬರೀಬಾರ್ದಾ?" ಎಂದಳು. ಅಂದು ನನಗೆ ಊಟ ಸೇರಲಿಲ್ಲ. ಹಿಂದಿನ ಅರಸರು ಶಾಸನಗಳನ್ನು ಕಲ್ಲಿನಲ್ಲಿ ಕೊರೆಸಿದರಲ್ಲ, ಅವನ್ನೂ ಜನ ಓದಿರಲಾರರು, ಯಾವನೋ ತಮಟೆಯವನು ಸಾರಿರಬೇಕು ಎಂದು ಹೊಳೆದು ಇನ್ನಷ್ಟು ಉರಿಯಿತು.

ಕೊನೆಗೆ ಒಂದು ಟಿಪ್ಪಣಿ ಬರೆದು ಸಭೆಯ ಮುಂದಿಟ್ಟೆ. ತಮಟೆಯ ಸದ್ದಿಗೆ ದೊರೆಗಳ ಕುದುರೆಗಳು ಬೆದರುತ್ತವೆ, ಡಂಗುರ ನಿಲ್ಲಿಸಿ ಹಲಗೆಯೊಂದನ್ನೇ ಇಟ್ಟುಕೊಳ್ಳಬಹುದು ಎಂದು. ಬೆದರಿದ ಒಂದು ಕುದುರೆಯನ್ನೂ ನಾನು ಕಂಡಿರಲಿಲ್ಲ. ದೊರೆಗಳ ಹೆಸರು ಕೇಳಿದ್ದೇ ಮೆಂಬರುಗಳು ಒಪ್ಪಿದರು. ಐತನ ಕೆಲಸ ಹೋಯಿತು. ಆಗ ಒಬ್ಬರು, "ಸರಿ, ಇದನ್ನ ಜನಕ್ಕೆ ತಿಳ್ಸೋದ್ ಹೆಂಗೆ?" ಎಂದರು.

ಐತನಿಗೇ ಹೇಳಿಕಳಿಸಿದರು.

ಜಗಲಿಯಲ್ಲಿ ಓದಿದೆ. ಐತ ಕಣ್ಣು ತೆರೆದು, "ಇನ್ನೊಂದ್ಸಲ ಓದಿ ಸಾಮಿ" ಎಂದ. ಏಳು ವರ್ಷದಲ್ಲಿ ಅವನು ಎರಡನೆಯ ಸಲ ಕೇಳಿದ್ದು ಅದೊಂದೇ. ಮತ್ತೆ ಓದಿದೆ. "ಆಯ್ತು ಸಾಮಿ" ಎಂದು ಹೊರಟ.

ನನ್ನನ್ನು ಬೈಯುತ್ತಾನೆಂದು ಖಾತ್ರಿಯಿದ್ದ ನಾನು ಕಳ್ಳನಂತೆ ಹಿಂದೆಯೇ ಹೋದೆ. ಸಂತೆಯ ನಡುವೆ ತಮಟೆ ಬಡಿದು ಅವನು ಕೂಗಿದ: "ಕೇಳ್ರಪ್ಪೋ! ನಾಳಿಂದ ನಾನ್ ಬರಲ್ಲ. ಆಫೀಸ್ ಮುಂದೆ ಹಲಗೆ ಐತೆ. ನಮ್ ಗುಮಾಸ್ತಯ್ಯೋರು ಮುತ್ತು ಪೋಣಿಸ್ದಂಗೆ ಬರೀತಾರೆ. ಇಷ್ಟ್ ವರ್ಸ ನಾನ್ ಹೇಳಿದ್ದೆಲ್ಲ ಅವರ್ದೇ ಮಾತು. ಎಲ್ರೂ ಹೋಗಿ ನೋಡಿ!" ಇದನ್ನೇ ಉಳಿದ ಮೂರು ಭಾಷೆಗಳಲ್ಲೂ ಸಾರಿದ.

ಮರುದಿನ ಹಲಗೆಯ ಮುಂದೆ ಜನವೋ ಜನ. ಏಳು ವರ್ಷ ಕನಸು ಕಂಡದ್ದು ಕಣ್ಣೆದುರಿತ್ತು. ಜಗಲಿಗೆ ಬಂದು ನಿಂತೆ. ಒಬ್ಬ ಮುದುಕಿ ನನ್ನ ಅಕ್ಷರವನ್ನು ಮೆಲ್ಲಗೆ ಸವರಿ, "ಚೆಂದಾಗೈತೆ ಅಯ್ಯಾ. ಏನ್ ಹೇಳ್ತೈತೆ ಇದು?" ಎಂದಳು. ಓದಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಹಿಂದಿನಿಂದ ಯಾರೋ, "ಐತನ್ನ ಕರೀರಿ" ಎಂದರು.

ಮುಂದಿನ ಸಭೆಗೆ ನಾನೇ ಇನ್ನೊಂದು ಟಿಪ್ಪಣಿ ಬರೆದೆ: ಕುದುರೆಗಳು ತಮಟೆಗೆ ಒಗ್ಗಿಕೊಂಡಿವೆ. ಐತ ಮರಳಿ ಬಂದು ಜಗಲಿಯಲ್ಲಿ ಕಣ್ಣು ಮುಚ್ಚಿ ನಿಂತ.

ಹೊಟ್ಟೆಕಿಚ್ಚು ಆರಿತೆಂದುಕೊಳ್ಳಬೇಡಿ. ಮೊದಲು ಅವನ ಗಂಟಲಿನ ಮೇಲಿತ್ತು, ಈಗ ಅವನ ಮನಸ್ಸಿನ ಮೇಲೆ. ನಾನು ಅವನ ತಮಟೆ ಕಸಿಯುತ್ತಿದ್ದ ದಿನ ಅವನು ನಾಲ್ಕು ಭಾಷೆಯಲ್ಲಿ ನನ್ನನ್ನು ಹೊಗಳಿದ. ಅವನನ್ನು ಒಂದು ಭಾಷೆಯಲ್ಲಿ ಹೊಗಳಲು ನನಗೆ ಇಷ್ಟು ಕಾಲ ಬೇಕಾಯಿತು. ಇದನ್ನೂ ಅವನು ಓದಲಾರ. ನಿಮ್ಮಲ್ಲಿ ಯಾರಾದರೂ ಅವನಿಗೆ ಓದಿ ಹೇಳಿ. ಒಂದು ಸಲ ಓದಿದರೆ ಸಾಕು.