ಬ್ಯಾಟರಿ ಹೊದ್ದ ಕೌದಿ

ಗೋವಾದ ಸಡಾದಲ್ಲಿರುವ ನಮ್ಮ ಮನೆಯಲ್ಲಿ ಅತ್ತೆಯ ಕೌದಿ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ತಾಯಿಯ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದು ಅದು. ಮದುವೆಯಾಗಿ ಆರು ವರ್ಷವಾದರೂ ಒಂದೇ ಒಂದು ಮಳೆಗಾಲದಲ್ಲೂ ನನಗದು ಹೊದೆಯಲು ಸಿಕ್ಕಿರಲಿಲ್ಲ. ಸಿಕ್ಕಿದ್ದು ಯಾರಿಗೆ? ನನ್ನ ಸ್ಕೂಟರಿನ ಬ್ಯಾಟರಿಗೆ!

ಜೋಳದ ರೊಟ್ಟಿ ಬಡಿದು ಮನೆಮನೆಗೆ ಮುಟ್ಟಿಸಲು ನಾನು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದೆ. ಮಧ್ಯಾಹ್ನ ಬಂದವಳೇ ಬ್ಯಾಟರಿ ಬಿಚ್ಚಿ ತಂದು ಒಳಗೆ ಚಾರ್ಜಿಗೆ ಹಾಕುತ್ತಿದ್ದೆ. ಮಳೆ ಹಿಡಿದ ಮೊದಲ ವಾರ, ಸ್ನಾನ ಮುಗಿಸಿ ಬಂದು ನೋಡಿದರೆ ಬ್ಯಾಟರಿ ಅತ್ತೆಯ ಮಂಚದ ಮೇಲೆ ಕೌದಿ ಹೊದ್ದು ಮಲಗಿದೆ. ವೈರು ಮಾತ್ರ ಹೊರಗೆ.

"ಥಂಡಿಗೆ ಕೆಡತೈತಿ. ಈ ಗೋವಾದ ಮಳಿ ಕಬ್ಬಿಣಾನೂ ತಿಂತೈತಿ," ಎಂದರು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳೇಕೆ, ಹೊಟ್ಟೆಕಿಚ್ಚೂ ಇತ್ತು. ಆದರೆ ಎಲ್ಲಕ್ಕಿಂತ ಭಯವೇ ದೊಡ್ಡದು. ಚಾರ್ಜ್ ಆಗುವಾಗ ಬಟ್ಟೆ ಮುಚ್ಚಿದರೆ ಕಾವು ಒಳಗೇ ನಿಂತು ಬೆಂಕಿ ಹತ್ತಬಹುದು ಎಂದು ಅಂಗಡಿಯವರು ಒತ್ತಿ ಹೇಳಿದ್ದರು. ನಮ್ಮದು ಒಂದೇ ಕೋಣೆ, ಒಂದೇ ಬಾಗಿಲು, ಮಂಚದ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಓಡಿಹೋಗಿ ಸ್ವಿಚ್ ಆರಿಸಿದೆ.

ಅಂಗಡಿಯವರ ಮಾತು ಅತ್ತೆಯ ಮುಂದೆ ನಡೆಯುವುದಿಲ್ಲ. ಆದರೆ ರೊಟ್ಟಿಯ ಹಂಚಿನ ಮೇಲೆ ಅಂಗೈ ಹಿಡಿದೇ ಕಾವು ಹೇಳುವ ಹೆಂಗಸು ಅವರು.

"ಅತ್ತಿ, ಕೌದ್ಯಾಗ ಒಮ್ಮೆ ಕೈ ಹಾಕಿ ನೋಡ್ರಿ."

ಹಾಕಿದರು. ಹಾಕಿದಷ್ಟೇ ಬೇಗ ತೆಗೆದರು.

"ಯವ್ವಾ! ಹಂಚ್ ಕಾದಂಗ ಕಾದೈತಲ್ಲ!" ಎಂದು ಕೌದಿಯನ್ನು ತಾವೇ ಎಳೆದು ಬಿಸಾಡಿದರು.

ಗೆದ್ದೆ! ಮರುದಿನದಿಂದ ಮನೆಯಲ್ಲಿ ನನ್ನದೇ ಕಾನೂನು. ಬಂದ ಕೂಡಲೇ ಬ್ಯಾಟರಿ ಒರೆಸಿ ಅರ್ಧ ಗಂಟೆ ಆರಲು ಬಿಡುವುದು. ಆಮೇಲೆ ಕೋಣೆಯ ಹೊರಗಿನ ಪಡಸಾಲೆಯ ಕಲ್ಲುಕಟ್ಟೆಯ ಮೇಲೆ, ಮಳೆ ಸಿಡಿಯದ ಮೂಲೆಯಲ್ಲಿ, ಅದರದೇ ಚಾರ್ಜರ್ ಹಾಕುವುದು. ತುಂಬಿತೆಂದರೆ ಪ್ಲಗ್ ತೆಗೆಯುವುದು. ಇದೆಲ್ಲ ತಮ್ಮದೇ ಶೋಧ ಎಂಬಂತೆ ಅತ್ತೆ ಓಣಿಗೆಲ್ಲ ಪಾಠ ಹೇಳಿದರು.

"ತಲಿದಿಂಬಿನ ಕೆಳಗ ಫೋನ್ ಚಾರ್ಜಿಗೆ ಇಟ್ಟೀಯೇನ? ಮೊದಲ ತಗೀ! ನಾ ಕೈ ಹಾಕಿ ನೋಡೇನಿ," ಎಂದು ಪಕ್ಕದ ಮನೆಯವಳನ್ನು ಗದರಿಸುವುದು ನನಗೂ ಕೇಳಿಸಿತು. ಬಾಯಿಗೆ ಸೆರಗು ಹಿಡಿದು ನಕ್ಕೆ.

ಮುಂದಿನ ವಾರ ನಾನು ತೊಯ್ದು ತೊಪ್ಪೆಯಾಗಿ ಮನೆಗೆ ಬಂದೆ. ಅತ್ತೆ ಬ್ಯಾಟರಿ ಇಸಿದುಕೊಂಡು ಒರೆಸಿ ಕಟ್ಟೆಯ ಮೇಲಿಟ್ಟರು. ನಾನು ಸೀರೆ ಬದಲಿಸಿ ನಡುಗುತ್ತ ಕುಳಿತಾಗ ಕೌದಿ ತಂದು ಎದುರು ನಿಂತರು.

"ಬ್ಯಾಟ್ರಿಗೆ ಬ್ಯಾಡಂದಿ. ನಿನಗರ ಬೇಕೋ, ಬ್ಯಾಡೋ?"

"ಬೇಕ್ರಿ ಅತ್ತಿ," ಎಂದು ಎರಡೂ ಕೈ ಚಾಚಿದೆ.