ಬಾಗಿಲ ಬಳಿಯ ಬೆಂಚು

ಗಾಜಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೀಸೆಯಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಮಾಡಿದ್ದು ಒಂದೇ ಕೆಲಸ. ಬಿಳಿ ದೀಪದ ಮುಂದೆ ಸಾಲಾಗಿ ಸಾಗುವ ಸೀಸೆಗಳನ್ನು ನೋಡುವುದು, ಕೂದಲೆಳೆಯಷ್ಟು ಸೀಳಿದ್ದರೂ ಕುತ್ತಿಗೆ ಹಿಡಿದೆತ್ತಿ ಚೂರಿನ ತೊಟ್ಟಿಗೆ ಎಸೆಯುವುದು. ಬೆರಳುಗಳಲ್ಲಿ ಗೀರಿಲ್ಲದ ಜಾಗವಿರಲಿಲ್ಲ.

ಅವಳ ತಂಗಿಯ ಗಂಡ ಹೊಳೆಯಾಚೆಯಿಂದ ಕೆಲಸಕ್ಕೆ ಬಂದವನು. ಹನ್ನೆರಡು ವರ್ಷಗಳ ಹಿಂದೆ ಅವನನ್ನು ಕಾರ್ಖಾನೆಯ ಗೇಟಿನಲ್ಲೇ ಹೊಡೆದು ಕೊಂದರು. ಕೊಂದವರು, ಹಿಂದಿನ ದಿನ ಕಾರ್ಮಿಕರ ಸಂಘದ ಸಭೆಯಲ್ಲಿ ಆಚೆಯವರನ್ನು ಓಡಿಸಬೇಕೆಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿದವರೇ. ಸರಳಿನ ಏಟಿಗೆ ಮುಖ ಉಳಿದಿರಲಿಲ್ಲ. ಸೀಸೆಯಕ್ಕ ಗುರುತು ಹಿಡಿದದ್ದು ಕಾಲ್ಬೆರಳು ನೋಡಿ. ತಂಗಿ ಆಗ ಏಳು ತಿಂಗಳ ಬಸುರಿ.

ಆ ತಿಂಗಳೇ ಅವಳು ಸಂಘದಲ್ಲಿ ಹಟ ಹಿಡಿದು ಒಂದು ನಿಯಮ ತಂದಳು. ಯಾರಾದರೂ ಒಂದು ಗುಂಪಿನ ಜನರ ಮೇಲೆ ವಿಷ ಕಾರಿದಾಗ, ಒಬ್ಬರು ಎದ್ದು ‘ಇದು ದ್ವೇಷ’ ಎಂದರೆ ಸಾಕು. ಮಾತಾಡುತ್ತಿದ್ದವರು ಬಾಯಿ ಮುಚ್ಚಿ ಬಾಗಿಲ ಬಳಿಯ ಬೆಂಚಿಗೆ ಹೋಗಬೇಕು. ಸಭೆ ಮುಗಿಯುವ ತನಕ ಅವರಿಗೆ ಮಾತಿಲ್ಲ.

ಮೊದಲ ಕೆಲವು ವರ್ಷ ಆ ಮಾತನ್ನು ಆಡಲು ಜನ ಹೆದರುತ್ತಿದ್ದರು, ಕೇಳಲು ಇನ್ನೂ ಹೆದರುತ್ತಿದ್ದರು. ಆಮೇಲೆ ಅದು ಎಲ್ಲರ ಬಾಯಿಗೂ ಸಲೀಸಾಯಿತು. ಆಚೆಯವರ ಸಾಲುಮನೆಗೆ ಮಾತ್ರ ಬಸ್ಸು ಯಾಕೆ ಎಂದ ಲಾರಿ ಚಾಲಕ ಬೆಂಚಿಗೆ ಹೋದ. ಪಾಯಿಖಾನೆ ತೊಳೆಯುವ ಸರದಿ ಆಚೆಯವರು ಈಚೆಯವರೆನ್ನದೆ ಎಲ್ಲರಿಗೂ ಬರಲಿ ಎಂದ ಮುದುಕಿಯೂ ಹೋದಳು. ಸಂಘದ ಚುನಾವಣೆಯಲ್ಲಿ ಎದುರಾಳಿಯ ಬಾಯಿ ಕಟ್ಟಲು ವಾದವೇ ಬೇಡವಾಯಿತು. ಒಂದು ಬೆಂಚು ಸಾಲದೆ ಮೂರು ಹಾಕಿದರು.

ಸೀಸೆಯಕ್ಕನೂ ಒಮ್ಮೆ ಹಾಗೇ ಮಾಡಿದಳು. ಆಚೆಯಿಂದ ಬಂದ ಹೊಸಬರನ್ನು ಮೂರು ತಿಂಗಳು ಪಳಗಿಸದೆ ಕುಲುಮೆಯ ಮುಂದೆ ನಿಲ್ಲಿಸಬೇಡಿ ಎಂದು ಫಿಟ್ಟರ್ ಹೇಳುತ್ತಿದ್ದ. ಮಾತು ಪೂರ್ತಿ ಕೇಳುವ ಮೊದಲೇ ಅವಳ ಕಣ್ಣಿಗೆ ಗೇಟಿನ ರಕ್ತ ಕಟ್ಟಿತು. ಎದ್ದು ಆ ಮಾತನ್ನು ಹೇಳಿಬಿಟ್ಟಳು. ಫಿಟ್ಟರ್ ಟೋಪಿ ತೆಗೆದುಕೊಂಡು ಬೆಂಚಿನತ್ತ ನಡೆಯುತ್ತಾ, “ಎಲ್ಲಾ ಸೀಸೇನೂ ತೊಟ್ಟಿಗೆ ಎಸೀತಾ ಹೋದ್ರೆ ನಿನ್ನ ಕಣ್ಣನ್ನ ಯಾರಕ್ಕ ನಂಬ್ತಾರೆ?” ಎಂದ.

ಅದಾದ ಒಂಬತ್ತನೆಯ ದಿನ, ಪಳಗದೆಯೇ ಕೆಲಸಕ್ಕೆ ನಿಂತಿದ್ದ ಹೊಸಬರಿಬ್ಬರು ಕುಲುಮೆಯ ಬಾಯನ್ನು ತೆರೆಯಬಾರದ ಹೊತ್ತಿನಲ್ಲಿ ತೆರೆದರು. ಕರಗಿದ ಗಾಜು ಮೈಮೇಲೆ ಬಿತ್ತು. ಒಬ್ಬನ ಕೈ ಮೊಣಕೈವರೆಗೆ ಹೋಯಿತು. ಇನ್ನೊಬ್ಬ ಮೂರು ದಿನ ಕಿರುಚಿ ಸತ್ತ. ಸೀಸೆಯಕ್ಕ ಫಿಟ್ಟರನ ಬಳಿ ಹೋಗಿ ಕ್ಷಮೆ ಕೇಳಲಿಲ್ಲ.

ಈ ಸಾವಾದ ಮೇಲೆ ಪ್ಯಾಕಿಂಗ್ ಕಂಟ್ರಾಕ್ಟರ್ ಸಭೆಯಲ್ಲಿ ಎದ್ದು ನಿಂತ. ಅನನುಭವಿಗಳನ್ನು ತಂದು ಕುಲುಮೆ ಕೆಡಿಸಿದರೆಂದು ಶುರುಮಾಡಿ, ಮೆಲ್ಲಗೆ ತನ್ನ ಮಾತಿಗೆ ಬಂದ. “ನಾಳೆ ಸಾಯಂಕಾಲದೊಳಗೆ ಸಾಲುಮನೆ ಖಾಲಿ ಮಾಡ್ಲಿ. ಮಾಡ್ದೇ ಇದ್ರೆ ಮನೆ ಜೊತೆ ಅವರನ್ನೂ ಸುಡ್ತೀವಿ.”

ಆ ಸಾಲಿನ ಮೂರನೆಯ ಮನೆಯಲ್ಲಿ ತಂಗಿಯೂ ಅವಳ ಮಗಳೂ ಇದ್ದರು. ಸೀಸೆಯಕ್ಕ ಎದ್ದಳು. “ಇದು ದ್ವೇಷ,” ಎಂದಳು.

ಅಂದೂ ಅದೇ ಮಾತಿಗೆ ಬೆಂಚು ಸೇರಿದ್ದವರಿಂದ ನಗು ಎದ್ದಿತು. “ಬಾರಣ್ಣ, ಜಾಗ ಇದೆ,” ಎಂದ ಲಾರಿ ಚಾಲಕ, “ಇಲ್ಲಿರೋರೆಲ್ಲಾ ಅದೇ ಜಾತಿ.”

ಕಂಟ್ರಾಕ್ಟರ್ ನಗುತ್ತಲೇ ಹೋದ. ಒತ್ತರಿಸಿ ಕೂರಿಸಿಕೊಂಡರು. ಮೂರು ಗಂಟೆ ಅವನು ಒಬ್ಬೊಬ್ಬರ ಕಿವಿಯ ಬಳಿ ಬಾಗಿ, ನೀನು ಹೇಳಬೇಕೆಂದಿದ್ದದ್ದೇನು ಎಂದು ಕೇಳಿದ. ಕೇಳಿ, ತಲೆದೂಗಿದ. ಆ ಸಭಾಂಗಣದಲ್ಲಿ ಅವರ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡವನು ಅವನೊಬ್ಬನೇ.

ಮರುದಿನ ಬೆಳಗ್ಗೆ ಅವಳು ಪೊಲೀಸರ ಬಳಿ ಹೋಗಿ ಹೇಳಿದಳು. ನಿಮ್ಮ ಸಂಘದಲ್ಲಿ ದಿನಾ ಇದೇ ಅಲ್ಲವೇ ಎಂದು ಅವರು ಕಳಿಸಿಬಿಟ್ಟರು. ತಂಗಿಗೆ ಹೊರಟುಬಿಡು ಎಂದರೆ, ಎಲ್ಲಿಗೆ ಎಂದಳು.

ಐದು ಗಂಟೆಗೆ ಕಂಟ್ರಾಕ್ಟರ್ ಸೇರಿ ಒಂಬತ್ತು ಜನ ಬಂದರು, ಎಲ್ಲರೂ ಬೆಂಚಿನಲ್ಲಿ ಕೂತಿದ್ದವರೇ. ಸರಳು, ಸೀಮೆಎಣ್ಣೆ. ಸೀಸೆಯಕ್ಕ ತಂಗಿಯ ಮನೆಯ ಬಾಗಿಲಿಗೆ ಅಡ್ಡ ನಿಂತಳು. ಮುಂದಿದ್ದದ್ದು ಲಾರಿ ಚಾಲಕ.

“ಅಣ್ಣಾ, ಬಸ್ಸಿನ ವಿಷಯ ನೀನು ಕೇಳಿದ್ದು ತಪ್ಪಲ್ಲ. ನಾವು ಉತ್ತರ ಕೊಡಬೇಕಿತ್ತು.”

“ಈಗ ಹೇಳ್ತೀಯಾ?” ಎಂದ. ಆದರೂ ಅವನ ಸರಳು ಕೆಳಗಿಳಿಯಿತು. ಹಿಂದಿದ್ದ ಇಬ್ಬರು ನಿಂತಲ್ಲೇ ನಿಂತರು.

ಕಂಟ್ರಾಕ್ಟರ್ ನಿಲ್ಲಲಿಲ್ಲ. ಮೊದಲ ಏಟಿಗೆ ಅವಳ ಹೆಗಲ ಮೂಳೆ ಮುರಿಯಿತು, ಎರಡನೆಯದಕ್ಕೆ ನೆಲ ಕಚ್ಚಿದಳು. ಉಳಿದವರು ಅವಳನ್ನು ತುಳಿದುಕೊಂಡೇ ಬಾಗಿಲು ಒಡೆದರು. ಮಗಳ ಮೇಲೆ ಕವುಚಿ ಬಿದ್ದಿದ್ದ ತಂಗಿಯ ಎಡಗಣ್ಣಿಗೆ ಸರಳು ತಾಗಿತು. ಹಾಸಿಗೆಗೆ ಬೆಂಕಿ ಹತ್ತಿತು. ಹಿಂದಿನ ಕಿಟಕಿ ಕಿತ್ತು ಹುಡುಗಿಯನ್ನೂ ತಾಯಿಯನ್ನೂ ಹೊರಗೆಳೆದದ್ದು ಫಿಟ್ಟರ್. ಅವನ ಎರಡೂ ಅಂಗೈಗಳ ಚರ್ಮ ಚೌಕಟ್ಟಿಗೇ ಅಂಟಿಕೊಂಡಿತು.

ಆಸ್ಪತ್ರೆಯಲ್ಲಿ ಅಕ್ಕತಂಗಿಯರ ಮಂಚ ಅಕ್ಕಪಕ್ಕ. ತಂಗಿ ಉಳಿದ ಒಂದು ಕಣ್ಣಿನಿಂದ ಚಾವಣಿ ನೋಡುತ್ತಾ ಕೇಳಿದಳು. “ಒಂಬತ್ತು ಜನ, ಅಕ್ಕಾ. ಅಷ್ಟೂ ಜನಕ್ಕೆ ನಾವೇನು ಮಾಡಿದ್ವಿ?”

“ಕೊಲ್ಲಬೇಕು ಅಂತಿದ್ದವನು ಒಬ್ಬನೇ. ಉಳಿದವರನ್ನ ಅವನ ಪಕ್ಕ ಕೂರಿಸಿದ್ದು ನಾನು.”

ತಂಗಿ ನರ್ಸನ್ನು ಕರೆದು, ಮಗಳು ಮಲಗಿದ್ದ ಕಡೆಗೆ ತನ್ನನ್ನು ಹೊರಳಿಸಲು ಹೇಳಿದಳು. ಅಕ್ಕನಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು.