ನನ್ನ ಜ್ವರಕ್ಕೆ ಅವರ ಹರಕೆ

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ನಾನು ಮೈಸೂರಿನಲ್ಲಿ ಓದಿ, ದೇವರಿಲ್ಲ ಎಂಬುದೊಂದನ್ನು ಚೆನ್ನಾಗಿ ಕಲಿತು ಗಾಳಿಬೀಡಿನ ಮನೆಗೆ ಮರಳಿದ್ದೆ. ಬಂದ ಸ್ವಲ್ಪ ದಿನಕ್ಕೇ ಟೈಫಾಯ್ಡ್ ಹಿಡಿಯಿತು. ಮಡಿಕೇರಿಯಿಂದ ಬಂದ ಡಾಕ್ಟರು ಔಷಧಿ ಕೊಟ್ಟು, "ಗಂಜಿನೀರು ಮಾತ್ರ ಕೊಡಿ, ಜನ ಸೇರಿಸಬೇಡಿ" ಎಂದು ಹೇಳಿ ಹೋದರು. ನಮ್ಮ ರಾಜ್ಯ ಎಷ್ಟು ಚಿಕ್ಕದೆಂದರೆ, ಗಾಳಿಬೀಡಿನಲ್ಲಿ ಒಬ್ಬ ಹಾಸಿಗೆ ಹಿಡಿದರೆ ವಿರಾಜಪೇಟೆಯಲ್ಲಿ ನೆಂಟರು ಬಸ್ಸು ಹತ್ತುತ್ತಿದ್ದರು. ಜನ ಸೇರಿಯೇ ಸೇರಿದರು.

ಮೊದಲು ಬಂದವರು ಅಪ್ಪನ ಅಕ್ಕ. ಭಕ್ತಿಯಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಮಂಚದ ಪಕ್ಕ ನಿಂತು, ಕೈಮುಗಿದು, ಗಟ್ಟಿಯಾಗಿ ಬೇಡಿದರು: "ಕಾವೇರಮ್ಮ, ಇವನ ಜ್ವರ ಇಳಿಸು. ಇಂವ ತಲೆ ಬೋಳಿಸ್ಕೊಂಡು ನಿನ್ನ ಹತ್ರ ನಡ್ಕೊಂಡೇ ಬರ್ತಾನೆ."

ದೊಡ್ಡಪ್ಪ ಹಿಂದೆ ಬೀಳಲಿಲ್ಲ. "ಇಂವ ಒಂದು ವರ್ಷ ಹಂದಿಮಾಂಸ ಮುಟ್ಟಲ್ಲ ಸ್ವಾಮಿ!" ಎಂದು ನನ್ನ ಪರವಾಗಿ ಮಾತು ಕೊಟ್ಟು ಊಟಕ್ಕೆ ಎದ್ದರು. ನೆಂಟರಿಗೆಂದು ಅಡುಗೆಮನೆಯಲ್ಲಿ ಹಂದಿಯೇ ಬೇಯುತ್ತಿತ್ತು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ತಮ್ಮ ಊರಿನ ಭಗವತಿಗೆ ನಾನು ಕುಡಿಯುವ ಕಾಫಿಯನ್ನೇ ಬಿಟ್ಟುಕೊಟ್ಟರು. ಎಲ್ಲರ ಭಕ್ತಿಯೂ ಅಪಾರವಾಗಿತ್ತು. ತಮ್ಮದೆನ್ನುವ ಏನನ್ನಾದರೂ ಬಿಡುತ್ತೇನೆಂದವರು ಮಾತ್ರ ಒಬ್ಬರೂ ಇರಲಿಲ್ಲ.

ಒಂದು ಮಧ್ಯಾಹ್ನ ಜ್ವರ ಏರಿ, ಮಾಡಿನ ತೊಲೆಗಳು ಕೆಳಗಿಳಿಯುತ್ತಿರುವಂತೆ ಕಂಡವು. ಸಾಯುತ್ತೇನೆಂಬ ಭಯವಾಯಿತು. ಮೈಸೂರಿನ ಪಾಠ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ, "ದೇವರೇ" ಎಂದೆ. ಆದರೆ ಯಾವ ದೇವರನ್ನು ಕರೆಯುವುದು? ಗೊತ್ತಿದ್ದ ದೇವರನ್ನೆಲ್ಲ ಆಗಲೇ ಬೇರೆಯವರು ಹಿಡಿದುಬಿಟ್ಟಿದ್ದರು.

ಅವ್ವ ಬಂದು ಸುತ್ತ ನಿಂತವರನ್ನು ನೋಡಿದಳು. "ಅತ್ತಿಗೆ, ನೀವೆಲ್ಲ ಅಂಗಳದಲ್ಲಿ ಕೂತು ಬೇಡಿ. ದೇವರಿಗೆ ಅಲ್ಲಿಂದಲೂ ಕೇಳ್ತದೆ" ಎಂದು ಎಲ್ಲರನ್ನೂ ಹೊರಡಿಸಿ ಬಾಗಿಲು ಹಾಕಿದಳು. ಒದ್ದೆ ಬಟ್ಟೆಯಿಂದ ನನ್ನ ಹಣೆ, ಕತ್ತು ಒರೆಸತೊಡಗಿದಳು. ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು.

"ನೀನು ಏನು ಹರಕೆ ಹೊತ್ತೆ ಅವ್ವ?"

"ಹರಕೆ ಇಲ್ಲೆ ಮಗ. ನಂಗೆ ಕೈ ಸೋತಿತು, ನೀನೂ ಒಂಚೂರು ಹಿಡ್ಕೋ ಅಂತ ದೇವರಿಗೆ ಹೇಳ್ದೆ."

"ಹಿಡ್ಕೊಂಡನಾ?"

"ಗೊತ್ತಿಲ್ಲೆ. ನಾನಂತೂ ಬಿಟ್ಟಿಲ್ಲೆ."

ಮತ್ತೆ ಬಟ್ಟೆಯನ್ನು ನೀರಿಗೆ ಅದ್ದಿದಳು. ಆ ತಂಪಿನಲ್ಲಿ ನನಗೆ ನಿದ್ದೆ ಹತ್ತಿತು.

ಜ್ವರ ನಿಧಾನವಾಗಿ ಇಳಿಯಿತು. ಯಾರ ದೇವರಿಂದ ಇಳಿದದ್ದೆಂದು ಜಗಲಿಯಲ್ಲಿ ಬಿಸಿಬಿಸಿ ವಾದವಾಯಿತು. ಡಾಕ್ಟರ ಹೆಸರನ್ನು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಟೈಫಾಯ್ಡ್ ನನ್ನ ತಲೆಕೂದಲನ್ನೆಲ್ಲ ಉದುರಿಸಿತ್ತು. ಹರಕೆಗೆ ಕೂದಲೇ ಇಲ್ಲವಲ್ಲ ಎಂದು ಅತ್ತೆ ಕಂಗಾಲಾದರು. ಆಮೇಲೆ, "ಕಾವೇರಮ್ಮ ಮೊದಲೇ ತಗೊಂಡಳು, ನಾನು ಕೇಳಿದ ರೀತಿ ಹಾಗಿತ್ತು" ಎಂದು ಸಮಾಧಾನಪಟ್ಟರು.

ನಡೆಯುವ ತ್ರಾಣ ಬಂದ ಮೇಲೆ ಅವ್ವನೂ ನಾನೂ ಭಾಗಮಂಡಲದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ತಲಕಾವೇರಿಗೆ ಹತ್ತಿದೆವು. ಅವ್ವ ಕಣ್ಣುಮುಚ್ಚಿ ಬಹಳ ಹೊತ್ತು ನಿಂತಳು. ಪಕ್ಕದಲ್ಲಿ ನಾನೂ ಕೈಮುಗಿದೆ. ಏನು ಕೇಳಬೇಕೆಂದು ತಿಳಿಯಲಿಲ್ಲ. ಆದರೂ ಅವಳು ಕಣ್ಣು ತೆರೆಯುವವರೆಗೆ ಕೈ ಇಳಿಸಲಿಲ್ಲ.